ಹಳೇ ಸಾಮಾನಿನ ತಟ್ಟೆ

ನಿಮಗೆಲ್ಲ ಈಗ ಸರ್ವೀಸ್ ಅಡ್ವೈಸರ್ ಅಂತ ಹೆಸರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಲಗೆಯಂಥ ಕಂಪ್ಯೂಟರು. ನಮ್ಮ ಕಾಲದಲ್ಲಿ ಇದೇ ಕೆಲಸ ಮಾಡುವವನನ್ನು ‘ಕಾರ್ಡು ಬರೆಯೋನು’ ಅನ್ನುತ್ತಿದ್ದರು. ಕಾರು ಬಂದ ಕೂಡಲೇ ಎದ್ದು ಹೋಗುವುದು, ಯಜಮಾನರ ದೂರನ್ನೆಲ್ಲ ಹಳದಿ ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವುದು, ಎಷ್ಟಾಗಬಹುದು ಅಂತ ಅಂದಾಜು ಹೇಳುವುದು, ಸಾಯಂಕಾಲ ಬಿಲ್ಲು ಕೈಗಿಟ್ಟು ಬೈಸಿಕೊಳ್ಳುವುದು. ಹೊಸಕೋಟೆಯಲ್ಲಿ ಮದ್ರಾಸು ರಸ್ತೆಗೆ ಮುಖ ಮಾಡಿಕೊಂಡಿದ್ದ ಒಬ್ಬ ಕಾರ್ ಡೀಲರರ ಸರ್ವೀಸ್ ಶಾಖೆಯಲ್ಲಿ ನಾನು ಮೂವತ್ತು ವರ್ಷ ಹೀಗೆ ಬೈಸಿಕೊಂಡು ಅನ್ನ ತಿಂದಿದ್ದೇನೆ.

ಹೋದ ತಿಂಗಳು ನನ್ನ ತಂಗಿಯ ಮಗಳು ಕಾರನ್ನು ಸರ್ವೀಸಿಗೆ ಬಿಟ್ಟಿದ್ದಳು, ಅವಳ ಜೊತೆ ನಾನೂ ಹೋಗಿದ್ದೆ. ಬಿಲ್ಲು ನೋಡಿದೆ. ಮೊತ್ತದ ವಿಷಯ ಬಿಡಿ, ನಾನು ಕೆಲಸಕ್ಕೆ ಸೇರಿದಾಗ ಅಷ್ಟು ದುಡ್ಡಿಗೆ ಊರಾಚೆ ಜಮೀನು ಬರುತ್ತಿತ್ತು. ಅದರಲ್ಲಿ ಫಿಲ್ಟರ್ ಬದಲಿಸಿದೆ, ಬ್ರೇಕ್ ಪ್ಯಾಡ್ ಬದಲಿಸಿದೆ ಅಂತ ಬರೆದಿತ್ತು. ‘ಬಿಚ್ಚಿದ ಹಳೇ ಸಾಮಾನು ಎಲ್ಲಪ್ಪಾ?’ ಅಂತ ಕೌಂಟರಿನ ಹುಡುಗನನ್ನು ಕೇಳಿದೆ. ನಾನು ಅವರಪ್ಪನ ಆಸ್ತೀಲಿ ಪಾಲು ಕೇಳಿದವನ ಹಾಗೆ ನೋಡಿದ. ‘ಅದೆಲ್ಲ ಸ್ಕ್ರಾಪ್‌ಗೆ ಹೋಗುತ್ತೆ ಅಂಕಲ್, ಯಾರೂ ಕೇಳಲ್ಲ’ ಅಂದ. ಮನೆಗೆ ಬಂದವನೇ ಇದನ್ನು ಬರೆಯೋಕೆ ಕೂತೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಒಬ್ಬ ಆಂಜನಪ್ಪ ಸಿಕ್ಕಿಲ್ಲ, ಅಷ್ಟೇ.

ನಾನು ಸೇರಿದ್ದು ಅರವತ್ತರ ದಶಕದ ನಡುವಿನಲ್ಲಿ. ಆಗ ದೇಶದಲ್ಲಿ ಇದ್ದಿದ್ದೇ ಮೂರು ನಮೂನೆ ಕಾರು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದರೆ ಒಂದು ಕಾರು ಬರುತ್ತಿತ್ತು. ಬಂದ ಮೇಲೆ ಅದನ್ನು ಮನೆ ಎತ್ತಿನ ಹಾಗೆ ಸಾಕಬೇಕು. ಸಾವಿರ ಮೈಲಿಗೊಂದು ಸಲ ಅಡಿಯೆಲ್ಲ ಗ್ರೀಸು ಹೊಡೆಯಬೇಕು, ಎಂಜಿನ್ ಆಯಿಲ್ ಬದಲಿಸಬೇಕು, ಪ್ಲಗ್ಗು ಬಿಚ್ಚಿ ಉಜ್ಜಬೇಕು, ಬ್ರೇಕು ಬಿಗಿ ಮಾಡಬೇಕು. ನಮ್ಮ ಶಾಖೆ ಅಂದರೆ ತಗಡಿನ ದೊಡ್ಡ ಶೆಡ್ಡು, ಕಾರಿನ ಕೆಳಗೆ ಇಳಿದು ಕೆಲಸ ಮಾಡಲು ಎರಡು ಗುಂಡಿ, ಕಾರು ತೊಳೆಯುವ ಒಂದು ಕಟ್ಟೆ, ಮೂಲೆಯಲ್ಲಿ ಮ್ಯಾನೇಜರರ ಗಾಜಿನ ಕೋಣೆ. ಫೋರ್‌ಮನ್ ಆಂಜನಪ್ಪನವರು. ದೇವನಹಳ್ಳಿ ತಾಲ್ಲೂಕಿನ ಆವತಿಯವರು. ಗಿಡ್ಡ ಆಳು, ಖಾಕಿ ಅಂಗಿ, ಹಣೆಯಲ್ಲಿ ವಿಭೂತಿ, ಕಿವಿ ಸಂದಿಯಲ್ಲಿ ಮೋಟು ಪೆನ್ಸಿಲು. ನಾನು ಜಡಿಗೇನಹಳ್ಳಿ ಹೋಬಳಿಯ ರೈತರ ಮನೆಯವನು, ಎಸ್ಸೆಸ್ಸೆಲ್ಸಿ ಪಾಸಾದವನು, ಇಂಗ್ಲಿಷು ಅಕ್ಷರ ಗುಂಡಗೆ ಬರೆಯುತ್ತೇನೆ ಅನ್ನೋ ಜಂಬ ಬೇರೆ.

ಮೊದಲನೇ ದಿನವೇ ಅವರು ನನ್ನ ಕೈಯಿಂದ ಕಾರ್ಡು ಕಿತ್ತುಕೊಂಡರು.

‘ಬರೆಯೋಕ್ ಮುಂಚೆ ಕಾರಲ್ಲಿ ಕೂತ್ಕೋ ಮುನಿರಾಜ. ಯಜಮಾನ್ರು ಹೇಳೋದು ಅರ್ಧ, ಕಾರು ಹೇಳೋದು ಅರ್ಧ. ಎರಡೂ ಕೇಳಿಸ್ಕೊಂಡು ಆಮೇಲೆ ಬರಿ.’

ಆವತ್ತು ಬಂದಿದ್ದವರು ಜಡಿಗೇನಹಳ್ಳಿಯ ಮುನೇಗೌಡರು. ಹತ್ತಿರದ ನಾಲ್ಕೂರಿಗೆ ಕಾರಿದ್ದ ಒಬ್ಬರೇ ಗೌಡರು. ಹಿಂದುಗಡೆ ಕುಯ್ ಕುಯ್ ಅನ್ನುತ್ತದೆ, ಏನಾದರೂ ಮಾಡಿ ಅಂದರು. ನಾನಾಗಿದ್ದರೆ ಹಿಂದಿನ ಆಕ್ಸಲ್ಲೇ ಬಿಚ್ಚಬೇಕು ಅಂತ ಬರೆದು, ಅಂದಾಜು ಹೇಳಿ ಗೌಡರ ಎದೆ ಒಡೆಯುತ್ತಿದ್ದೆ. ಆಂಜನಪ್ಪನವರು ಗೌಡರ ಪಕ್ಕ ಕೂತು, ನನ್ನನ್ನು ಹಿಂದೆ ಕೂರಿಸಿಕೊಂಡು ಕೋಲಾರದ ಕಡೆ ಒಂದು ಮೈಲಿ ಹೋಗಿ ಬಂದರು. ದಾರಿಯುದ್ದಕ್ಕೂ ಹಿಂದಕ್ಕೆ ಕಿವಿ ಕೊಟ್ಟು ಕೂತಿದ್ದರು. ವಾಪಸು ಬಂದ ಮೇಲೆ ಡಿಕ್ಕಿ ತೆಗೆದು, ಒಳಗೆ ಎರಡು ಗೋಣಿಚೀಲದ ನಡುವೆ ಸಿಕ್ಕಿಕೊಂಡಿದ್ದ ಬಿದಿರು ಮಂಕರಿಯೊಂದನ್ನು ಎತ್ತಿ ಆಚೆ ಇಟ್ಟರು.

‘ಈಗ ಓಡಿಸ್ನೋಡಿ ಗೌಡ್ರೇ.’

ಕುಯ್ ಅನ್ನೋದು ನಿಂತಿತ್ತು. ಗೌಡರು ನಾಚಿಕೊಂಡು ಎಷ್ಟಾಯ್ತು ಅಂದರು. ‘ಮಂಕರಿ ಇಳಿಸಿದ್ದಕ್ಕೆ ಕಂಪನೀಲಿ ಚಾರ್ಜ್ ಇಲ್ಲ’ ಅಂದರು ಆಂಜನಪ್ಪ. ಅವತ್ತು ಬಿಲ್ಲಿಲ್ಲದೆ ಹೋದ ಗೌಡರು ಆಮೇಲೆ ಇಪ್ಪತ್ತು ವರ್ಷ ಇನ್ನೊಂದು ಗ್ಯಾರೇಜಿನ ಬಾಗಿಲು ತುಳಿಯಲಿಲ್ಲ.

ಇದೇ ಗೌಡರ ಕಾರಿನ ಮೇಲೆ ನಾನು ಮೊದಲನೇ ತಪ್ಪು ಮಾಡಿದೆ. ಒಂದೇ ಬಣ್ಣದ ಎರಡು ಕಾರು ನಿಂತಿದ್ದವು. ಒಂದರ ಕಾರ್ಡಿಗೆ ಇನ್ನೊಂದರ ನಂಬರು ಹಾಕಿಬಿಟ್ಟೆ. ಹಿಂದಿನ ದಿನವಷ್ಟೇ ಹೊಸ ಆಯಿಲ್ ಹಾಕಿದ್ದ ಗೌಡರ ಕಾರಿಗೆ ಮತ್ತೆ ಹೊಸ ಆಯಿಲ್ ಬಿತ್ತು. ಆಂಜನಪ್ಪನವರು ಕೂಗಾಡಲಿಲ್ಲ. ಬಸಿದಿದ್ದ ಆ ಒಂದು ದಿನದ ಆಯಿಲನ್ನು ಬಟ್ಟೆಯಲ್ಲಿ ಸೋಸಿ ಡಬ್ಬಕ್ಕೆ ತುಂಬಿಸಿ, ನನ್ನ ಸೈಕಲ್ ಕ್ಯಾರಿಯರಿಗೆ ಕಟ್ಟಿದರು. ‘ಎರಡನೇ ಸಲದ್ದಕ್ಕೆ ಅವರು ಕೊಡಬೇಕಿಲ್ಲ. ಮೊದಲ್ನೇದು ಅವರ ದುಡ್ಡು, ಅವರ ಎಣ್ಣೆ. ತಲುಪಿಸ್ಬಿಟ್ಟು ಬಾ.’ ಬಿಸಿಲಲ್ಲಿ ಜಡಿಗೇನಹಳ್ಳಿ ತನಕ ಸೈಕಲ್ ತುಳಿದೆ. ಗೌಡರು ಡಬ್ಬ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಒಂದು ಚೊಂಬು ಮಜ್ಜಿಗೆ ಕೊಟ್ಟರು. ‘ಎತ್ತಿನ ಗಾಡಿ ಕೀಲಿಗೆ ಹಾಕ್ತೀನಿ ಬಿಡಪ್ಪಾ. ನಮ್ಮ ಬಸವನೂ ಒಂದ್ಸಲ ಕಂಪನಿ ಸರ್ವೀಸ್ ನೋಡ್ಲಿ’ ಅಂದರು.

ಈಗ ತಟ್ಟೆಯ ಮಾತು. ಸರ್ವೀಸ್ ಅನ್ನೋದರಲ್ಲಿ ಒಂದು ಪೇಚಿದೆ, ಇದು ಆಗಲೂ ಇತ್ತು, ಈಗಲೂ ಇದೆ. ಗೋಡೆ ಕಟ್ಟಿದರೆ ಗೋಡೆ ಕಾಣುತ್ತದೆ. ಸರ್ವೀಸು ಮಾಡಿದರೆ ಏನೂ ಕಾಣುವುದಿಲ್ಲ. ಯಜಮಾನರು ಓಡುತ್ತಿದ್ದ ಕಾರು ಬಿಟ್ಟು ಹೋಗಿರುತ್ತಾರೆ, ಓಡುವ ಕಾರನ್ನೇ ತೆಗೆದುಕೊಂಡು ಹೋಗುತ್ತಾರೆ, ನಡುವೆ ಕಿಸೆ ಹಗುರವಾಗಿರುತ್ತದೆ. ಕಂಪನಿಯವರು ಟೋಪಿ ಹಾಕ್ತಾರೆ ಅನ್ನೋ ಗುಮಾನಿ ಅದರಿಂದಲೇ ಹುಟ್ಟುವುದು. ಆಂಜನಪ್ಪನವರು ಇದಕ್ಕೆ ತಮ್ಮದೇ ಒಂದು ಮದ್ದು ಕಂಡುಕೊಂಡಿದ್ದರು. ನೀಲಿ ಅಂಚಿನ, ಪಿಂಗಾಣಿ ಬಳಿದ ಒಂದು ತಗಡಿನ ತಟ್ಟೆ, ಒಂದು ಕಡೆ ಚಕ್ಕೆ ಎದ್ದಿತ್ತು. ಕಾರಿನಿಂದ ಬಿಚ್ಚಿದ ಹಳೇ ಸಾಮಾನನ್ನೆಲ್ಲ, ಒಂದು ವಾಷರ್ ಆದರೂ ಸರಿ, ಅದರಲ್ಲಿಟ್ಟು ಬಿಲ್ಲಿಗೆ ಮೊದಲು ಯಜಮಾನರ ಮುಂದೆ ಹಿಡಿಯುತ್ತಿದ್ದರು. ಇದು ಯಾಕೆ ತೆಗೆದೆವು, ಮುಟ್ಟಿ ನೋಡಿ, ಇಲ್ಲಿ ಸವೆದಿದೆ, ಇಲ್ಲಿ ಬಿರಿದಿದೆ ಅಂತ ಹೇಳುವರು. ಆಮೇಲೆ ಅದನ್ನೆಲ್ಲ ಕಾಗದದಲ್ಲಿ ಕಟ್ಟಿ ಅವರಿಗೇ ಕೊಡುವರು. ಗಿರಾಕಿಗಳು ಅದಕ್ಕೆ ತಾಂಬೂಲ ಅಂತ ಹೆಸರಿಟ್ಟಿದ್ದರು. ‘ಏನ್ ಆಂಜನಪ್ಪ, ತಾಂಬೂಲ ರೆಡಿನಾ?’ ಅಂದುಕೊಂಡೇ ಒಳಗೆ ಬರುತ್ತಿದ್ದರು.

ಈ ಪದ್ಧತಿ ಎಲ್ಲಿ ಕಲಿತಿರಿ ಅಂತ ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದೆ. ಯಾವುದೋ ಇಂಗ್ಲಿಷು ಪುಸ್ತಕದಲ್ಲಿರಬೇಕು ಅಂದುಕೊಂಡಿದ್ದೆ.

‘ನಿಮ್ಮೂರಲ್ಲಿ ಹೊಸತೊಡಕಿಗೆ ಗುಡ್ಡೆ ಬಾಡು ಹಾಕ್ತಾರಾ?’ ಅಂದರು. ಯುಗಾದಿಯ ಮಾರನೇ ದಿನ ಹತ್ತಾರು ಮನೆಯವರು ಸೇರಿ ಕುರಿ ತಂದು ಪಾಲು ಹಂಚಿಕೊಳ್ಳುವ ಪದ್ಧತಿ ಅದು. ಹಾಕ್ತಾರೆ ಅಂದೆ. ‘ಆವತೀಲಿ ನಮ್ಮಪ್ಪನೇ ಗುಡ್ಡೆ ಹಾಕ್ತಿದ್ದಿದ್ದು. ಎಲ್ರ ಕಣ್ಮುಂದೆ, ಎಲೆ ಮೇಲೆ. ಬೋಟಿ, ಮೂಳೆ, ಮೆತ್ತಗಿನ ತುಂಡು, ಎಲ್ಲಾ ಗುಡ್ಡೆಗೂ ಸಮ. ಎಲ್ರೂ ಎತ್ಕೊಂಡ್ಮೇಲೆ ಉಳಿದ ಗುಡ್ಡೆ ನಮ್ಮನೇದು. ಒಂದ್ವರ್ಷನೂ ಯಾರೂ ತಕರಾರು ತೆಗೀಲಿಲ್ಲ ಕಣಯ್ಯ. ಅದನ್ನೇ ಮರೇಲಿ ಕೂತು ಹಾಕಿದ್ರೆ, ಎಷ್ಟೇ ಸಮ ಹಾಕಿದ್ರೂ ಜಗಳ ಆಗೋದು.’

ನನಗೆ ಅವರ ಮೇಲೆ ಭಕ್ತಿ ಹುಟ್ಟಿದ್ದು ಆ ಮುದ್ದೆ ಊಟದ ಹೊತ್ತಿನಲ್ಲೇ. ಹೇಳೋಕೆ ಸಂಕೋಚವಿಲ್ಲ.

ತಟ್ಟೆಯನ್ನು ಎಲ್ಲರಿಗಿಂತ ಮುತುವರ್ಜಿಯಿಂದ ನೋಡುತ್ತಿದ್ದವರು ಡಾಕ್ಟರ್ ಸರೋಜಮ್ಮನವರು. ಪೇಟೆಯಲ್ಲಿ ಸಣ್ಣ ಕ್ಲಿನಿಕ್ಕು ಇಟ್ಟುಕೊಂಡು ಸುತ್ತಲ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದರು. ಬೂದು ಬಣ್ಣದ ಪುಟ್ಟ ಕಾರು, ಅವರ ಕೈಗೆ ಬರುವ ಹೊತ್ತಿಗೇ ಇಬ್ಬರ ಕೈ ದಾಟಿತ್ತು. ಫೀಸು ಅಂತ ಅವರಿಗೆ ಸಿಗುತ್ತಿದ್ದುದು ಅರ್ಧ ದುಡ್ಡು, ಅರ್ಧ ಅವರೆಕಾಯಿ. ಅದಕ್ಕೇ ಆಂಜನಪ್ಪನವರಿಗೆ ಮೊದಲೇ ಹೇಳಿಟ್ಟಿದ್ದರು: ‘ಗ್ರೀಸು, ಆಯಿಲ್ಲು ಹೇಗೋ ತೂಗಿಸ್ತೀನಿ. ಎಂಜಿನ್ ಬಿಚ್ಚೋ ದಿನ ಬಂತು ಅನ್ನಿ, ಅವತ್ತೇ ಮಾರಿಬಿಡ್ತೀನಿ. ನನ್ನ ಕೈಲಾಗಲ್ಲ.’ ಕಾರಿಲ್ಲದಿದ್ದರೆ ಅವರು ಪೇಟೆ ದಾಟಿ ಹೋಗುವ ಹಾಗಿರಲಿಲ್ಲ. ಬಸ್ಸಿಗೆ ಕಾಯುವ ಹೆರಿಗೆ ಯಾವುದು? ಹಾಗಾಗಿ ಆ ಕಾರು ಆದಷ್ಟು ಕಮ್ಮಿ ಖರ್ಚಿನಲ್ಲಿ ಓಡಬೇಕು ಅನ್ನೋದು ಆಂಜನಪ್ಪನವರಿಗೆ ಒಂದು ವ್ರತದ ಹಾಗಾಗಿತ್ತು.

ಡಾಕ್ಟರಮ್ಮನಿಗೆ ಪ್ಲಗ್ಗು ನೋಡುವುದನ್ನೂ ಅವರೇ ಕಲಿಸಿದ್ದರು. ಎಂಜಿನ್ನಿನ ನಾಲ್ಕು ಸಿಲಿಂಡರಿಗೆ ಕಿಡಿ ಕೊಡುವ ಒಂದೊಂದು ಪ್ಲಗ್ಗು. ‘ಇದು ಎಂಜಿನ್ ನಾಲಿಗೆ ಡಾಕ್ಟ್ರಮ್ಮ. ತುದಿ ಒಣಗಿ ಕಂದು ಬಣ್ಣಕ್ಕಿದ್ರೆ ಆರೋಗ್ಯ. ಒಣ ಮಸಿ ಹಿಡಿದ್ರೆ ಪೆಟ್ರೋಲ್ ಜಾಸ್ತಿ ಕುಡೀತಿದೆ. ಎಣ್ಣೆ ಜಿನುಗಿ ಕರ್ರಗಾಗಿದ್ರೆ ಒಳಗೆ ರಿಂಗು ಸವೆದಿದೆ, ಎಂಜಿನ್ ಬಿಚ್ಚಬೇಕು.’ ಯಾವ ಪ್ಲಗ್ಗು ಯಾವ ಸಿಲಿಂಡರಿನದು ಅಂತ ಗೊತ್ತಾಗಲು ಪ್ಲಗ್ಗಿನ ಲೋಹದ ಮೇಲೆ ಅರದಿಂದ ಗೀರು ಹಾಕುತ್ತಿದ್ದರು. ಮೊದಲನೆಯದಕ್ಕೆ ಒಂದು ಗೀರು, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ನಮ್ಮ ಶೆಡ್ಡಿಗೆ ಬಂದ ಎಲ್ಲ ಕಾರಿಗೂ ಇದೇ ಲೆಕ್ಕ. ಡಾಕ್ಟರಮ್ಮ ಪ್ರತಿ ಸಲ ಬಂದು ‘ಎಲ್ಲಿ, ನಾಲಿಗೆ ತೋರಿಸಿ’ ಅಂತ ಒಂದೊಂದನ್ನೇ ಎತ್ತಿ ನೋಡುತ್ತಿದ್ದರು. ಉಜ್ಜಿ ಸಂದು ಸರಿ ಮಾಡಿದ ಪ್ಲಗ್ಗುಗಳು ಅವರ ಕಣ್ಣೆದುರೇ ಮತ್ತೆ ಕಾರೊಳಗೆ ಹೋಗುತ್ತಿದ್ದವು.

ನಾನು ಸೇರಿ ಎರಡು ವರ್ಷವಾದ ಮೇಲೆ ಬೆಂಗಳೂರಿನ ಹೆಡ್ ಆಫೀಸಿನಿಂದ ಕೇಶವಮೂರ್ತಿ ಅನ್ನುವವರು ಮ್ಯಾನೇಜರಾಗಿ ಬಂದರು. ಕೆಟ್ಟವರಲ್ಲ. ಸಮಯಕ್ಕೆ ಸರಿಯಾಗಿ ಬರುವವರು, ಒಂದು ಕಾಸು ಮುಟ್ಟುವವರಲ್ಲ. ಆದರೆ ಅವರ ಜೊತೆ ಒಂದು ಚಾರ್ಟು ಬಂತು. ಇಷ್ಟು ಮೈಲಿ ಆದರೆ ಪ್ಲಗ್ಗು ಬದಲು, ಇಷ್ಟಕ್ಕೆ ಫ್ಯಾನ್ ಬೆಲ್ಟು ಬದಲು, ಸವೆದಿದೆಯೋ ಇಲ್ಲವೋ ನೋಡುವ ಗೊಡವೆ ಬೇಡ. ಒಂದು ಕಾರಿಗೆ ಇಂತಿಷ್ಟೇ ಗಂಟೆ. ದಾರಿಯಲ್ಲಿ ಕೆಟ್ಟು ನಿಲ್ಲುವುದಕ್ಕಿಂತ ಮೊದಲೇ ಬದಲಿಸುವುದು ಮೇಲು ಅನ್ನುವುದು ಅವರ ವಾದ, ಅದರಲ್ಲೂ ಸತ್ಯವಿತ್ತು. ಆದರೆ ಬಿಲ್ಲು ಏರಿತು. ತಟ್ಟೆ ಅವರ ಕಣ್ಣಿಗೆ ಬಿದ್ದಿದ್ದು ಎರಡನೇ ದಿನ.

‘ಒಬ್ಬೊಬ್ಬರಿಗೂ ಅರ್ಧ ಗಂಟೆ ಹರಿಕಥೆ ಮಾಡ್ತಾ ಕೂತ್ರೆ ಕೆಲಸ ಯಾವಾಗ ಆಂಜನಪ್ಪ? ಒಂದು ತಿಂಗಳು ನೋಡ್ತೀನಿ. ಇದರಿಂದ ತಕರಾರು ಕಮ್ಮಿ ಆಗುತ್ತೆ ಅಂದ್ರೆ ಇರಲಿ. ಇಲ್ಲದಿದ್ರೆ ತಟ್ಟೆ ತೆಗೆದಿಡಿ.’

‘ಆಗಲಿ ಸಾರ್’ ಅಂದರು ಆಂಜನಪ್ಪ. ಆದರೆ ಆ ತಿಂಗಳೆಲ್ಲ ತಟ್ಟೆಯನ್ನು ದಿನಕ್ಕೆರಡು ಸಲ ತಾವೇ ತೊಳೆಯುತ್ತಿದ್ದುದನ್ನು ನಾನು ನೋಡಿದ್ದೇನೆ. ಆ ತಟ್ಟೆ ಹೋದರೆ ಅವರಿಗೆ ಆ ಶೆಡ್ಡಿನಲ್ಲಿ ನಿಲ್ಲುವ ನೆಲವೇ ಹೋದ ಹಾಗೆ ಅಂತ ನಮಗೆಲ್ಲ ಗೊತ್ತಿತ್ತು.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಡಾಕ್ಟರಮ್ಮ ಬೆಳಿಗ್ಗೆ ಕಾರು ಬಿಟ್ಟು ಕ್ಲಿನಿಕ್ಕಿಗೆ ಹೋದರು. ಆಂಜನಪ್ಪನವರು ಬೇರೊಂದು ಕಾರನ್ನು ಓಡಿಸಿ ನೋಡಲು ಟ್ರಯಲ್ಲಿಗೆ ಹೋಗಿದ್ದರು. ನಾನು ಚಾರ್ಟು ನೋಡಿದೆ, ಪ್ಲಗ್ಗಿನ ಮೈಲಿ ದಾಟಿತ್ತು. ಹೊಸ ಮ್ಯಾನೇಜರರ ಹತ್ತಿರ ಒಳ್ಳೆಯವನಾಗಬೇಕು ಅನ್ನೋ ಆಸೆ ಬೇರೆ. ನಾಲ್ಕು ಹೊಸ ಪ್ಲಗ್ಗು ಅಂತ ಕಾರ್ಡಿಗೆ ಬರೆದೆ, ಫಿಟ್ಟರು ಹಾಕಿದ. ಬಿಚ್ಚಿದ ಹಳೇ ಪ್ಲಗ್ಗುಗಳನ್ನು ಎತ್ತಿ ನೋಡಿದೆ. ನಾಲ್ಕೂ ಒಣಗಿ, ಕಂದು ಬಣ್ಣಕ್ಕೆ, ಇನ್ನೂ ಎಷ್ಟೋ ದಿನ ಓಡುವ ಹಾಗಿದ್ದವು. ಇವನ್ನು ತಟ್ಟೆಯಲ್ಲಿ ಇಟ್ಟರೆ ಯಾಕೆ ಬದಲಿಸಿದೆ ಅಂತ ಡಾಕ್ಟರಮ್ಮ ಕೇಳದೆ ಬಿಡುತ್ತಾರೆಯೇ? ತಟ್ಟೆ ಇಡದೆ ಇರೋಣ ಅಂದರೆ ಆಂಜನಪ್ಪನವರು ಬಿಡುತ್ತಾರೆಯೇ?

ಆಗ ನನಗೆ ಬುದ್ಧಿವಂತಿಕೆ ಬಂತು. ಒಳ್ಳೇ ಪ್ಲಗ್ಗುಗಳನ್ನು ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ಯಜಮಾನರು ಬೇಡ ಅಂತ ಬಿಟ್ಟುಹೋದ ಹಳೇ ಸಾಮಾನಿನ ಗುಜರಿ ಡಬ್ಬಕ್ಕೆ ಕೈ ಹಾಕಿ, ಇದ್ದುದರಲ್ಲಿ ಕರ್ರಗಿದ್ದ ನಾಲ್ಕನ್ನು ಆರಿಸಿ ತಟ್ಟೆಗೆ ಹಾಕಿದೆ. ಮ್ಯಾನೇಜರರು ಹೀಗೆ ಮಾಡು ಅಂದಿರಲಿಲ್ಲ, ಯಾರೂ ಅಂದಿರಲಿಲ್ಲ. ಪೂರ್ತಿ ನನ್ನದೇ ತಲೆ.

ಹನ್ನೊಂದು ಗಂಟೆಗೆ ಡಾಕ್ಟರಮ್ಮ ಬಂದರು. ಯಾವಾಗಿನ ಹಾಗೆ ‘ಎಲ್ಲಿ, ನಾಲಿಗೆ’ ಅಂದರು. ತಟ್ಟೆ ಹಿಡಿದೆ. ಒಂದು ಪ್ಲಗ್ಗನ್ನು ಎತ್ತಿ ಬೆಳಕಿಗೆ ಹಿಡಿದರು. ಮುಖ ಸಪ್ಪಗಾಯಿತು.

‘ಎಣ್ಣೆ ಬರ್ತಿದೆ. ಅಂದ್ರೆ ರಿಂಗು ಹೋಗಿದೆ ಅಂತ ಅಲ್ವೇನಪ್ಪಾ?’

ಇಲ್ಲಮ್ಮ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದಿದ್ದು, ‘ಇರಬಹುದಮ್ಮ.’

ಅವರು ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. ‘ಎಂಜಿನ್ ಬಿಚ್ಚಬೇಕು ಅನ್ನಿ. ಹೋಗಲಿ, ಟ್ಯಾಕ್ಸಿ ಓಡಿಸೋ ದಸ್ತಗೀರು ಈ ಕಾರು ಕೊಡ್ತೀರಾ ಅಂತ ಆವಾಗಿಂದ ಕೇಳ್ತಾನೇ ಇದಾನೆ. ಈ ವಾರನೇ ಹೇಳ್ಕಳಿಸ್ತೀನಿ’ ಅಂದರು. ನಾನು ಸುಮ್ಮನೆ ನಿಂತಿದ್ದೆ. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಆ ಡಬ್ಬಕ್ಕೆ ಕೈ ಹಾಕಿದ್ದಲ್ಲ. ಹಾಗೆ ಸುಮ್ಮನೆ ನಿಂತಿದ್ದು. ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಡಾಕ್ಟರಮ್ಮನಿಗೆ ಕೈ ಸುಮ್ಮನಿಡುವ ಅಭ್ಯಾಸವಿಲ್ಲ. ಯೋಚನೆ ಮಾಡುತ್ತಲೇ ಪ್ಲಗ್ಗುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿದರು. ಒಂದು ಗೀರಿನದು, ಎರಡು ಗೀರಿನದು, ಆಮೇಲೆ ಕೈ ನಿಂತಿತು. ಕನ್ನಡಕ ಮೇಲೆ ಸರಿಸಿ ಇನ್ನೊಮ್ಮೆ ನೋಡಿದರು.

‘ಮೂರನೇದು ಎಲ್ಲಪ್ಪಾ? ಎರಡು ಗೀರಿನವು ಎರಡಿವೆ. ನನ್ನ ಎರಡನೇ ಸಿಲಿಂಡರು ಅವಳಿ ಹೆತ್ತಿದ್ಯಾ?’

ಅಷ್ಟು ಹೊತ್ತಿಗೆ ಆಂಜನಪ್ಪನವರು ಟ್ರಯಲ್ಲಿಂದ ವಾಪಸು ಬಂದು ಕಾರು ಇಳಿಯುತ್ತಿದ್ದರು. ಅವರು ತಟ್ಟೆ ನೋಡಿದರು, ಡಾಕ್ಟರಮ್ಮನ ಮುಖ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

‘ಡಾಕ್ಟ್ರಮ್ಮನ ಪ್ಲಗ್ಗು ಎಲ್ಲಿ ಮುನಿರಾಜ?’

ಡ್ರಾಯರು ತೆಗೆದು ತಂದುಕೊಟ್ಟೆ. ಅವನ್ನು ಅಂಗೈಯಲ್ಲಿ ಹಿಡಿದು ಡಾಕ್ಟರಮ್ಮನಿಗೆ ತೋರಿಸಿದರು. ‘ನೋಡಿ ತಾಯಿ. ಒಂದು, ಎರಡು, ಮೂರು, ನಾಲ್ಕು. ಇವು ನಿಮ್ಮವು. ಎಂಜಿನ್ ಚೆನ್ನಾಗಿದೆ. ಯಾರಿಗೂ ಮಾರಬೇಡಿ.’ ತಾವೇ ಕೂತು ಉಜ್ಜಿ, ಹೊಸವನ್ನು ಬಿಚ್ಚಿ, ಹಳೆಯವನ್ನೇ ಹಾಕಿದರು. ಬಿಲ್ಲಿನಲ್ಲಿ ಪ್ಲಗ್ಗಿನ ಸಾಲು ಹೊಡೆದುಹಾಕಿ ಮೋಟು ಪೆನ್ಸಿಲಿನಲ್ಲಿ ಸಹಿ ಹಾಕಿದರು. ಆಮೇಲೆ ಎರಡೂ ಕೈ ಜೋಡಿಸಿದರು. ‘ನಮ್ಮ ಶೆಡ್ಡಲ್ಲಿ ತಪ್ಪಾಗಿದೆ. ನಾನು ಫೋರ್‌ಮನ್ನು. ತಪ್ಪು ನಂದು.’

ನನ್ನ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನಾನು ಬೆವರುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಡಾಕ್ಟರಮ್ಮ ನನ್ನ ಕಡೆ ಒಂದು ಸಲ ನೋಡಿ, ಕಾರು ಹತ್ತಿ ಹೋದರು.

ಗಾಜಿನ ಕೋಣೆಯಿಂದ ಕೇಶವಮೂರ್ತಿಯವರು ಎಲ್ಲ ನೋಡಿದ್ದರು. ಆಚೆ ಬಂದು, ‘ನೋಡಿದ್ರಾ ಆಂಜನಪ್ಪ? ತಟ್ಟೆ ಇಲ್ಲದಿದ್ರೆ ಈ ಮಾನಗೇಡು ಆಗ್ತಾನೇ ಇರಲಿಲ್ಲ’ ಅಂದರು. ಸಾಯಂಕಾಲ ನೋಟೀಸು ಬೋರ್ಡಿಗೆ ಕಾಗದ ಬಿತ್ತು: ನಾಳೆಯಿಂದ ಹಳೇ ಸಾಮಾನು ತೋರಿಸುವ ಪದ್ಧತಿ ನಿಲ್ಲಿಸಲಾಗಿದೆ. ನಾನು ಆಂಜನಪ್ಪನವರ ಕಾಲು ಹಿಡಿಯೋಕೆ ಹೋದೆ. ಅವರು ತಟ್ಟೆ ತೊಳೆದು, ಒರೆಸಿ, ಅಂಚಿನಲ್ಲಿದ್ದ ತೂತಿಗೆ ತಂತಿ ಕಟ್ಟಿ ಗೋಡೆಯ ಮೊಳೆಗೆ ನೇತು ಹಾಕುತ್ತಿದ್ದರು.

‘ನಾಳೆ ಬೇಗ ಬಾ. ಮೂರು ಕಾರಿದೆ’ ಅಂದರು, ಅಷ್ಟೇ.

ಆಮೇಲಿನ ಮೂರು ವಾರ ನನ್ನ ಬದುಕಿನಲ್ಲೇ ಉದ್ದವಾದ ಮೂರು ವಾರ. ಗಿರಾಕಿಗಳು ಬಿಲ್ಲು ಹಿಡಿದುಕೊಂಡು ಮೊಳೆಯ ಕಡೆ ನೋಡುವರು. ತಾಂಬೂಲ ಇಲ್ವಾ ಅನ್ನುವರು. ಕಂಪನಿ ಆರ್ಡರು ಅನ್ನುವೆ. ತಕರಾರು ಕಮ್ಮಿ ಆಗಲಿಲ್ಲ. ಮೊದಲು ಯಾವತ್ತೂ ಬಾಯಿ ತೆರೆಯದವರು ಕೂಡ ಒಂದೊಂದು ಸಾಲಿಗೆ ಬೆರಳಿಟ್ಟು ಇದು ನಿಜವಾಗ್ಲೂ ಹಾಕಿದೀರಾ ಅಂತ ಕೇಳತೊಡಗಿದರು. ಕೇಶವಮೂರ್ತಿಯವರೇ ಎದ್ದು ಬಂದು ಸಮಜಾಯಿಷಿ ಹೇಳಬೇಕಾಗುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಡಾಕ್ಟರಮ್ಮ ಬ್ರೇಕು ಬಿಗಿ ಮಾಡಿಸಲು ಬಂದರು. ಕಾರಿಂದ ಇಳಿಯುವಾಗ ಕೈಯಲ್ಲಿ ಕ್ಲಿನಿಕ್ಕಿನ ಸ್ಟೀಲ್ ಟ್ರೇ ಇತ್ತು, ಕತ್ತರಿ ಚಾಕು ಇಡುವಂಥದ್ದು.

‘ನಿಮ್ಮ ತಟ್ಟೆ ರಜಾ ಹಾಕಿದೆಯಂತೆ. ನಂದು ತಂದಿದೀನಿ. ಬಿಚ್ಚಿದ್ದೆಲ್ಲ ಇದಕ್ಕೆ ಹಾಕಿ’ ಅಂತ ಟ್ರೇಯನ್ನು ನನ್ನ ಕೈಗೇ ಕೊಟ್ಟರು. ಆಂಜನಪ್ಪನವರ ಕೈಗಲ್ಲ, ನನ್ನ ಕೈಗೆ. ‘ಎಣಿಸಿ ಹಾಕಪ್ಪಾ’ ಅಂದರು. ದನಿಯಲ್ಲಿ ನಗು ಇತ್ತು.

ಸುದ್ದಿ ಹೇಗೆ ಹರಡಿತೋ ಗೊತ್ತಿಲ್ಲ. ಆ ವಾರವೇ ಟ್ಯಾಕ್ಸಿ ದಸ್ತಗೀರು ಹೆಗಲ ಮೇಲಿನ ಟವೆಲ್ಲು ತೆಗೆದು ಬಾನೆಟ್ ಮೇಲೆ ಹಾಸಿ, ‘ಇದ್ರ ಮೇಲಿಡಿ ಗುರು, ನಮ್ದೂ ಸ್ವಲ್ಪ ನೋಡೋಣ’ ಅಂದ. ಮುನೇಗೌಡರು ಮನೆಯಿಂದ ಮೊರವನ್ನೇ ಹಿಡಿದುಕೊಂಡು ಬಂದರು, ಇನ್ನೂ ಅದರಲ್ಲಿ ರಾಗಿ ಹೊಟ್ಟಿತ್ತು. ‘ಹೊಟ್ಟು ಯಾವ್ದು, ಕಾಳು ಯಾವ್ದು ಅಂತ ನೋಡೋಕೆ ಇದೇ ವಾಸಿ ಕಣಪ್ಪಾ!’ ಅಂತ ಅವರು ಗಟ್ಟಿಯಾಗಿ ಅಂದಿದ್ದು ಗಾಜಿನ ಕೋಣೆಯೊಳಗೂ ಕೇಳಿಸಿತು.

ಕೇಶವಮೂರ್ತಿಯವರು ಆಚೆ ಬಂದರು. ಗೌಡರ ಮೊರ ನೋಡಿದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನೆಟ್ಟಗೆ ಗೋಡೆಯ ಹತ್ತಿರ ಹೋಗಿ, ಮೊಳೆಯಿಂದ ತಟ್ಟೆ ಬಿಚ್ಚಿ, ಮೂರು ವಾರದ ದೂಳನ್ನು ತಮ್ಮ ಬಿಳಿ ಕರ್ಚೀಫಿನಲ್ಲಿ ಒರೆಸಿ ಆಂಜನಪ್ಪನವರ ಕೈಗೆ ಕೊಟ್ಟರು. ‘ನನ್ನ ಲೆಕ್ಕ ತಪ್ಪಿತ್ತು ಆಂಜನಪ್ಪ’ ಅಂದರು. ಒಬ್ಬ ಮ್ಯಾನೇಜರು ಇಡೀ ಶೆಡ್ಡಿನ ಎದುರು ಹಾಗನ್ನುವುದು ಸಣ್ಣ ಮಾತಲ್ಲ, ಅವತ್ತಿನಿಂದ ಅವರನ್ನೂ ನಾನು ಗೌರವದಿಂದಲೇ ನೆನೆಯುತ್ತೇನೆ. ಚಾರ್ಟು ಉಳಿಯಿತು. ಆದರೆ ‘ಬದಲಿಸಿ’ ಅಂತಿದ್ದ ಕಡೆಯೆಲ್ಲ ‘ನೋಡಿ, ಬೇಕಿದ್ದರೆ ಬದಲಿಸಿ’ ಅಂತ ಅವರೇ ತಿದ್ದಿದರು.

ಆಂಜನಪ್ಪನವರು ತಟ್ಟೆಯನ್ನು ಇಟ್ಟುಕೊಳ್ಳಲಿಲ್ಲ. ನನ್ನ ಕಡೆ ಚಾಚಿದರು. ‘ಇನ್ಮೇಲೆ ಇದನ್ನ ನೀನೇ ಹಿಡೀಬೇಕು. ಎಲ್ಲಾ ಯಜಮಾನ್ರ ಮುಂದೂ.’ ಅದು ಶಿಕ್ಷೆಯೋ ಬಡ್ತಿಯೋ ನನಗೆ ಬಹಳ ದಿನ ತಿಳಿಯಲಿಲ್ಲ.

ಮುಂದೆ ಎಷ್ಟೋ ಬದಲಾಯಿತು. ಮೈಲಿ ಹೋಗಿ ಕಿಲೋಮೀಟರ್ ಬಂತು. ಪೆಟ್ರೋಲ್ ಬೆಲೆ ಏರಿದ ಕಾಲದಲ್ಲಿ ಕಾರುಗಳು ಮನೆ ಮುಂದೆ ಹೊದಿಕೆ ಹೊದ್ದು ಮಲಗಿದವು, ಸರ್ವೀಸಿಗೆ ಬರುವವರು ಅರ್ಧಕ್ಕರ್ಧ ಇಳಿದರು. ನಮ್ಮ ಶೆಡ್ಡಿಗೆ ಮಾತ್ರ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯಿಂದಲೂ ಬಳಸಿಕೊಂಡು ಬರುವವರಿದ್ದರು. ಡಾಕ್ಟರಮ್ಮನ ಬೂದು ಕಾರು ಇನ್ನೂ ಹತ್ತು ವರ್ಷ ಓಡಿತು. ಅದು ಸಮಯಕ್ಕೆ ತಲುಪಿದ್ದರಿಂದ ಕಣ್ಣು ಬಿಟ್ಟ ಮಕ್ಕಳಲ್ಲಿ ನನ್ನ ಅಕ್ಕನ ಮಗನೂ ಒಬ್ಬ. ಆ ಕಾರನ್ನು ಅವರು ಆ ವಾರ ದಸ್ತಗೀರನಿಗೆ ಮಾರಿಬಿಟ್ಟಿದ್ದರೆ ಅಂತ ಯೋಚಿಸಿದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಆಂಜನಪ್ಪನವರು ರಿಟೈರಾದರು. ಶೆಡ್ಡಿನಲ್ಲೇ ಹಾರ, ಖಾರಾಬೂಂದಿ, ಕಾಫಿ. ಕೇಶವಮೂರ್ತಿಯವರು ಆಗ ಹೆಡ್ ಆಫೀಸಿನಲ್ಲಿದ್ದರು, ಅದಕ್ಕಾಗಿಯೇ ಬಂದಿದ್ದರು. ಎಲ್ಲ ಮುಗಿದ ಮೇಲೆ ಆಂಜನಪ್ಪನವರು ತಮ್ಮ ಕಬ್ಬಿಣದ ಪೆಟ್ಟಿಗೆ ಖಾಲಿ ಮಾಡಿದರು. ಸ್ಪ್ಯಾನರು, ಅರ, ಹಳೇ ಚಿಂದಿ. ನನ್ನನ್ನು ಕರೆದು, ‘ತಟ್ಟೆ ತಗೊಂಬಾ’ ಅಂದರು. ತಂದೆ. ಪೆಟ್ಟಿಗೆಯ ತಳದಿಂದ ಎಣ್ಣೆ ಕಾಗದದ ಒಂದು ಪೊಟ್ಟಣ ತೆಗೆದು ಬಿಚ್ಚಿ ತಟ್ಟೆಯ ಮೇಲಿಟ್ಟರು.

ನಾಲ್ಕು ಪ್ಲಗ್ಗು. ಕರ್ರಗೆ, ಎಣ್ಣೆ ಹಿಡಿದಿದ್ದವು. ಒಂದು ಗೀರಿನದು ಒಂದು, ಎರಡು ಗೀರಿನವು ಎರಡು, ನಾಲ್ಕು ಗೀರಿನದು ಒಂದು.

ಅಷ್ಟು ವರ್ಷ ಆ ವಿಷಯವನ್ನು ಅವರು ಒಂದು ಸಲವೂ ನನ್ನ ಹತ್ತಿರವಾಗಲಿ ಬೇರೆಯವರ ಹತ್ತಿರವಾಗಲಿ ಎತ್ತಿರಲಿಲ್ಲ. ಮರೆತೇಬಿಟ್ಟಿದ್ದಾರೆ ಅಂದುಕೊಂಡಿದ್ದೆ. ‘ಇವನ್ನ ಯಾಕೆ ಇಟ್ಕೊಂಡಿದ್ರಿ ಸಾರ್?’ ಅಂತ ಕೊನೆಗೂ ಕೇಳಿದೆ.

‘ನಿಂದೇ ಸಾಮಾನು ಕಣಯ್ಯ’ ಅಂದರು. ‘ಸವೆದಿತ್ತು, ಬಿಚ್ಚಿ ಬದಲಾಯಿಸಿದ್ವಿ. ಈಗ ಚೆನ್ನಾಗಿ ಓಡ್ತಿದೀಯ. ಹಳೇದನ್ನ ಯಜಮಾನ್ರಿಗೆ ವಾಪಸ್ ಕೊಡ್ಬೇಕಲ್ವಾ?’